ಗುಟ್ಟಿನ ಆರು ಸೆಕೆಂಡು

ಮೈದಾ ಹಿಟ್ಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದಾಗ ಏಳುವ ವಾಸನೆ ಹಸಿದವರ ಮೂಗಿಗೆ ಗಂಜಿಯದು, ಹೊಟ್ಟೆ ತುಂಬಿದವರ ಮೂಗಿಗೆ ಔಷಧಿಯದು. ಅಪ್ಪನ ಬೈಂಡಿಂಗ್ ಅಂಗಡಿಯಲ್ಲಿ ಬೆಳಿಗ್ಗೆ ಏಳಕ್ಕೆಲ್ಲ ಆ ಅಂಟು ಒಲೆಯ ಮೇಲೆ ಕುದಿಯುತ್ತಿತ್ತು. ಎಂಟು ವರ್ಷ ಚಿಕ್ಕವನಾದ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅವನ ಕೈ ಬಾಣಲೆಗೆ ಹೋಗದಂತೆ ಹಿಡಿದುಕೊಳ್ಳುವುದು ಅಕ್ಕನ ಪಾಲಿನ ಕೆಲಸ. ಹುಳ ಹತ್ತಬಾರದೆಂದು ಹಾಕುವ ವಿಷ ಅದು. ತಮ್ಮನಿಗೋ ಅದನ್ನೇ ನೆಕ್ಕಬೇಕು. ಬೇಡ ಅಂದಷ್ಟೂ ಬೇಕು. ಆ ಗುಣ ಅವನಿಗೆ ಆಮೇಲೂ ಹೋಗಲಿಲ್ಲ.

ಈಗ ಅಕ್ಕನಿಗೆ ಅರವತ್ತೆರಡು. ಅಪ್ಪನ ಅಂಗಡಿ ಅವಳದಾಗಿದೆ. ಕಾಲೇಜಿನ ಪ್ರಬಂಧಗಳು, ಆಸ್ಪತ್ರೆಯ ದಾಖಲೆ ಪುಸ್ತಕಗಳು, ಸಂಘಸಂಸ್ಥೆಗಳ ರಿಜಿಸ್ಟರುಗಳು ಎಲ್ಲ ಅವಳ ಕೈಯಲ್ಲೇ ಬೆನ್ನು ಮೂಳೆ ಪಡೆಯುತ್ತವೆ. ಬೀದಿಗೆಲ್ಲ ಅವಳು ಬೈಂಡಿಂಗ್ ಅಕ್ಕ. ಅಂಗಡಿಯ ಹಿಂದಿನ ಎರಡು ಕೋಣೆಗಳೇ ಮನೆ. ಅದರಲ್ಲಿ ದೊಡ್ಡದು ತಮ್ಮನದು. ದೊಡ್ಡದು ಎನ್ನುವುದು ಹೆಸರಿಗೆ ಮಾತ್ರ. ಗೋಡೆಯಿಂದ ಗೋಡೆಗೆ ರೆಕಾರ್ಡುಗಳು. ಅವುಗಳ ನಡುವೆ ಉಳಿದ ಕಾಲುಹಾದಿಯಲ್ಲಿ ಒಂದು ಚಾಪೆ.

ವಾರದ ದಿನಗಳಲ್ಲಿ ತಮ್ಮ ಲಿಫ್ಟ್ ರಿಪೇರಿ ಮಾಡುತ್ತಾನೆ. ವಾರಾಂತ್ಯದಲ್ಲಿ ಅವನು ಗುಡುಗು. ಅದು ಅವನು ಡಿಜೆ ಆಗಿ ಇಟ್ಟುಕೊಂಡ ಹೆಸರು. ಆಳು ನೋಡಿದರೆ ಗುಡುಗಿನ ಲಕ್ಷಣ ಏನೂ ಇಲ್ಲ. ಪ್ಯಾಂಟು ಜಾರದಿರಲೆಂದು ಅವನ ಬೆಲ್ಟಿಗೆ ಅಕ್ಕನೇ ದಬ್ಬಳದಿಂದ ಎರಡು ಹೆಚ್ಚುವರಿ ತೂತು ಹಾಕಿಕೊಟ್ಟಿದ್ದಳು.

ಅವನ ಸಂಗೀತದ ಹೆಸರು ಬ್ರೇಕ್‌ಬೀಟ್. ಅಕ್ಕ ಬಿ.ಎ. ಮಾಡಿದವಳು. ಒಂದು ಪದ ಮನೆಯೊಳಗೆ ಕಾಲಿಟ್ಟರೆ ಅದರ ಪೂರ್ವಾಪರ ವಿಚಾರಿಸದೆ ಬಿಡುವವಳಲ್ಲ.

"ಹಳೇ ಕುಣಿತದ ಹಾಡುಗಳಲ್ಲಿ ನಡುವೆ ಒಂದು ಜಾಗ ಬರುತ್ತೆ ಅಕ್ಕ," ಎಂದು ತಮ್ಮ ವಿವರಿಸಿದ್ದ. "ಹಾಡುವವರು, ಊದುವವರು ಎಲ್ಲ ನಿಲ್ಲಿಸಿಬಿಡ್ತಾರೆ. ಡ್ರಮ್ ಬಾರಿಸೋನು ಒಬ್ಬನೇ ನಾಲ್ಕೈದು ಸೆಕೆಂಡು ಬಾರಿಸ್ತಾನೆ. ಅದೇ ಬ್ರೇಕು. ನಾವು ಅದೊಂದನ್ನೇ ಕತ್ತರಿಸಿಕೊಂಡು, ಹಿಂದೆ ಮುಂದೆ ಮಾಡಿ, ವೇಗ ಹೆಚ್ಚಿಸಿ, ಗಂಟೆಗಟ್ಲೆ ಕುಣಿಸ್ತೀವಿ."

"ಅಂದ್ರೆ ಬಸ್ಸು ನಿಂತಾಗ ಇಳಿದು ಟೀ ಕುಡಿಯೋದನ್ನೇ ಪ್ರಯಾಣ ಅಂತೀರಿ."

"ನಿನಗೆ ಅರ್ಥ ಆಗಲ್ಲ ಬಿಡು."

ಅರ್ಥವಾಗಿತ್ತು. ಇಡೀ ಪುಸ್ತಕವನ್ನು ಹಾಳೆ ಹಾಳೆಯಾಗಿ ಬಿಚ್ಚಿ ಮತ್ತೆ ಹೊಲಿಯುವವಳಿಗೆ ಅದು ಅರ್ಥವಾಗದ ವಿದ್ಯೆಯೇನಲ್ಲ. ಅರ್ಥವಾಗದೇ ಉಳಿದದ್ದು ಆ ಸಂಗೀತದ ಗಂಡಸರು.

ಇಪ್ಪತ್ತೈದು ಮೂವತ್ತು ಜನರ ಒಂದು ಸಂಘ ಅವರದು. ಅದಕ್ಕೆ ಅಧ್ಯಕ್ಷ, ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವ ಒಬ್ಬ ಮನುಷ್ಯ. ಹಗಲೆಲ್ಲ ಪತ್ರಗಳನ್ನು ಗೂಡುಗಳಿಗೆ ತುಂಬಿ ಅಭ್ಯಾಸವಾದವನು ಸಂಜೆ ಸಂಗೀತವನ್ನೂ ಗೂಡಿಗೆ ತುಂಬುತ್ತಿದ್ದ. ಅದಕ್ಕೇ ಅವನಿಗೆ ಕಪಾಟು ಎಂಬ ಅಡ್ಡಹೆಸರು. ಅವನ ಲೆಕ್ಕದಲ್ಲಿ ಬ್ರೇಕ್‌ಬೀಟಿಗೆ ನಲವತ್ತೊಂದು ಶೈಲಿಗಳು. ನಿಮಿಷಕ್ಕೆ ನೂರ ಮೂವತ್ತು ಏಟು ಬಿದ್ದರೆ ಬ್ರೇಕ್ಸ್. ನೂರ ಅರವತ್ತು ದಾಟಿದರೆ ಜಂಗಲ್. ಅದಕ್ಕೇ ಇಸ್ತ್ರಿ ಮಾಡಿದರೆ ಡ್ರಮ್ ಆಂಡ್ ಬಾಸ್. ಇಸ್ತ್ರಿ ಪೆಟ್ಟಿಗೆಯನ್ನೇ ಮಹಡಿಯಿಂದ ಎತ್ತಿ ಹಾಕಿದರೆ ಬ್ರೇಕ್‌ಕೋರ್. ಇದು ಅಕ್ಕ ತನ್ನ ಅನುಕೂಲಕ್ಕೆ ಮಾಡಿಕೊಂಡ ಸಾರಾಂಶ. ಒಬ್ಬ ಸದಸ್ಯ ಇನ್ನೊಬ್ಬನ ಹಾಡನ್ನು "ಬಿಗ್ ಬೀಟ್ ಥರ ಇದೆ" ಎಂದು ಅಗ್ಗದ ಶೈಲಿಗೆ ಹೋಲಿಸಿದನೆಂದು, ಹಾಗೆ ಅಂದವನ ಮಗಳ ಮದುವೆಗೆ ಅನ್ನಿಸಿಕೊಂಡವನು ಹೋಗದೆ ಉಳಿದದ್ದೂ ಉಂಟು. ಮೊದಲೆಲ್ಲ ಇವರ ಕುಣಿತ ಬೆಳಗಿನ ಜಾವದವರೆಗೆ ನಡೆಯುತ್ತಿತ್ತಂತೆ. ಈಗ ಭಾನುವಾರ ಮಧ್ಯಾಹ್ನ ಮೂರಕ್ಕೆ ಶುರು, ಆರಕ್ಕೆ ಮುಕ್ತಾಯ. ಎದೆಬಡಿತ ನಿಮಿಷಕ್ಕೆ ಇಷ್ಟು ದಾಟಬಾರದೆಂದು ಹೃದಯದ ಡಾಕ್ಟರು ಒಬ್ಬೊಬ್ಬರಿಗೂ ಒಂದೊಂದು ಗಡಿ ಹಾಕಿಕೊಟ್ಟಿದ್ದರು. ಅದು ಯಾವ ಶೈಲಿಗೂ ಸಾಲದಷ್ಟು ಕಡಿಮೆ.

ಈ ಸಂಘದಲ್ಲಿ ತಮ್ಮನಿಗೆ ಇದ್ದ ಜೀವದ ಗೆಳೆಯ ಚೂರಿ. ಕಟ್ಟುಹಲ್ಲು ತಯಾರಿಸುವ ಕಸುಬಿನವನು. ಅಂಥ ನಾಜೂಕು ಕೈಯವನು ತಾಳವನ್ನು ಸಣ್ಣಗೆ ಹೆಚ್ಚುತ್ತಿದ್ದನಾದ್ದರಿಂದ ಆ ಹೆಸರು ಬಿತ್ತು. ಹದಿನಾರು ವರ್ಷ ಇಬ್ಬರೂ ಒಂದೇ ಮೇಜಿನ ಹಿಂದೆ ಭುಜಕ್ಕೆ ಭುಜ ತಾಗಿಸಿ ನಿಂತರು. ಚೂರಿ ಅಂಗಡಿಗೆ ಬಂದರೆ ಅಕ್ಕ ಕೇಳದೆಯೇ ಒದ್ದೆ ಪುಸ್ತಕಗಳ ಮೇಲಿನ ಕಬ್ಬಿಣದ ಪ್ರೆಸ್ಸನ್ನು ತಿರುಗಿಸಿಕೊಡುತ್ತಿದ್ದ. ಹೋಗುವಾಗ ನೆಲದ ಮೇಲಿನ ಕಾಗದದ ಚೂರುಗಳನ್ನು ಗುಡಿಸಿ ಹೋಗುತ್ತಿದ್ದ. ತಮ್ಮ ಅವುಗಳನ್ನು ತುಳಿದುಕೊಂಡು ಹೋಗುತ್ತಿದ್ದ.

ಆ ಇಬ್ಬರೂ ಅಕ್ಕನಿಗೆ ಒಂದು ವಿಚಿತ್ರ ಕೆಲಸ ಹಚ್ಚಿದ್ದರು. ಕುಣಿತ ನಡೆಯುವಾಗ ಎದುರಾಳಿಗಳು ಮೇಜಿನ ಹಿಂದೆ ಸುಳಿದು, ತಿರುಗುವ ರೆಕಾರ್ಡಿನ ಲೇಬಲ್ ಓದಿಕೊಂಡು, ಮರುದಿನವೇ ಆ ರೆಕಾರ್ಡು ಹುಡುಕಿ ತರುತ್ತಾರಂತೆ. ಅದಕ್ಕೇ ಒಳ್ಳೆಯ ಬ್ರೇಕ್ ಇರುವ ರೆಕಾರ್ಡಿನ ಲೇಬಲನ್ನು ಕಿತ್ತುಹಾಕಬೇಕು.

"ಆವಿ ತೋರಿಸಿ ತೆಗೆದುಕೊಡು ಅಕ್ಕ. ನೀನು ಹಳೇ ಪುಸ್ತಕದ ರಟ್ಟು ಬಿಡಿಸ್ತೀಯಲ್ಲ, ಹಾಗೆ."

ಅಕ್ಕ ಕೆಟಲಿನ ಮೂತಿಗೆ ಹಿಡಿದು ನೋಡಿದಳು. ಜಪ್ಪಯ್ಯ ಅಂದರೂ ಬಿಡಲಿಲ್ಲ. ಅಲ್ಲಿ ಅಂಟೇ ಇರಲಿಲ್ಲ. ರೆಕಾರ್ಡು ಒತ್ತುವಾಗಲೇ ಕಾಗದವನ್ನು ಬಿಸಿಯಲ್ಲಿ ಸೇರಿಸಿಬಿಟ್ಟಿರುತ್ತಾರೆ. ಕೊನೆಗೆ ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ದಿನ ನೆನೆಹಾಕಿ, ಹೆಬ್ಬೆರಳಲ್ಲಿ ಸುತ್ತಿ ಸುತ್ತಿ ಉಜ್ಜಿ ತೆಗೆಯುವ ವಿಧಾನ ಅವಳೇ ಕಂಡುಕೊಂಡಳು. ಮೊದಲ ದಿನವೇ ಇನ್ನೊಂದೂ ಅವಳ ಕಣ್ಣಿಗೆ ಬಿತ್ತು. ಕೊನೆಯ ಗೆರೆ ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗದಲ್ಲಿ ಸೂಜಿಯಿಂದ ಕೊರೆದಂತೆ ಒಂದು ಸಂಖ್ಯೆ. ಲೇಬಲಿನ ಮೇಲೆ ಅಚ್ಚಾಗಿದ್ದದ್ದೂ ಅದೇ ಸಂಖ್ಯೆ. ಪುಸ್ತಕದ ಒಂದೊಂದು ಮಡಿಕೆಗೂ ಕೆಳಗೆ ಗುರುತಿನ ಅಂಕಿ ಇರುವುದನ್ನು ನೋಡಿ ಬೆಳೆದವಳ ಕಣ್ಣು ಅಲ್ಲಿಗೇ ಹೋಗುವುದು ಸಹಜ.

"ಲೋ, ಇಲ್ಲಿ ನಂಬರ್ ಇದೆಯಲ್ಲೋ..."

"ಅಕ್ಕ, ನಿನಗೆ ಇದೆಲ್ಲ ತಿಳಿಯಲ್ಲ. ಸುಮ್ನೆ ಉಜ್ಜು."

ಅಕ್ಕ ಸುಮ್ಮನೆ ಉಜ್ಜಿದಳು. ವರ್ಷಗಟ್ಟಲೆ ಉಜ್ಜಿದಳು. ಮನೆಗೆ ಬೀಗ ಹಾಕಿ ಕೀಲಿಕೈಯನ್ನು ಬಾಗಿಲಿಗೇ ತೂಗುಹಾಕಿ ಹೋಗುವ ಗಂಡಸರಿಗೆ ತಾನೇನು ಹೇಳುವುದು ಎಂದುಕೊಂಡಳು.

ಹೀಗಿರುವಾಗ ಹನ್ನೊಂದು ವರ್ಷದ ಹಿಂದೆ ಒಂದು ವೃದ್ಧಾಶ್ರಮದಿಂದ ಹಳೆಯ ರಿಜಿಸ್ಟರುಗಳ ಕಟ್ಟು ಬೈಂಡಿಂಗಿಗೆ ಬಂತು. ಹಾಳೆಗಳು ಮಡಚದಿರಲೆಂದು ಮೇಲೊಂದು ಕೆಳಗೊಂದು ರಟ್ಟು ಇಟ್ಟು ಕಟ್ಟುವುದು ರೂಢಿ. ಇವರು ರಟ್ಟಿನ ಬದಲು ಎರಡು ರೆಕಾರ್ಡು ಇಟ್ಟು ಹುರಿಯಿಂದ ಬಿಗಿದಿದ್ದರು. ಎರಡೂ ಒಂದೇ ರೆಕಾರ್ಡಿನ ಪ್ರತಿಗಳು. ಹೆಸರು "ಕುರ್ಚಿ ಬಿಡದೆ ವ್ಯಾಯಾಮ." ವಾಪಸು ಕೊಡಹೋದರೆ ಆಶ್ರಮದ ಗುಮಾಸ್ತೆ, "ಇಟ್ಕೊಳ್ಳಿ ಅಮ್ಮ, ನಮ್ಮ ಪ್ಲೇಯರು ಕೆಟ್ಟು ಕಾಲವಾಯ್ತು," ಅಂದಳು.

ಅಕ್ಕನ ಪಾಲಿಗೆ ರೆಕಾರ್ಡಿನ ಹುಚ್ಚರು ಇಬ್ಬರು, ರೆಕಾರ್ಡೂ ಎರಡು. ಅಕ್ಕ ಒಂದನ್ನು ಮಂಗಳವಾರ ಸಂಜೆ ಚೂರಿಗೆ ಕೊಟ್ಟಳು. ಇನ್ನೊಂದನ್ನು ಮಾರನೆಯ ಬೆಳಿಗ್ಗೆ ತಮ್ಮನ ತಿಂಡಿಯ ಪಕ್ಕ ಇಟ್ಟಳು. ಮಕ್ಕಳಿಗೆ ಮಿಠಾಯಿ ಹಂಚುವಾಗ ತಕ್ಕಡಿ ಹಿಡಿದಂತೆ ಹಂಚುವುದು ಅವಳ ಸ್ವಭಾವ. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಅವಳಿಗೆ ಕಾಣಲಿಲ್ಲ.

ಶುಕ್ರವಾರ ಚೂರಿ ಏದುಸಿರು ಬಿಡುತ್ತ ಬಂದ. ಕೈಯಲ್ಲಿ ಅದೇ ರೆಕಾರ್ಡು.

"ಅಕ್ಕಾ, ಇದರ ಲೇಬಲ್ ಇವತ್ತೇ ಹೋಗ್ಬೇಕು. ಯಾರಿಗೂ ಹೇಳ್ಬಾರ್ದು. ನಿಮ್ಮ ತಮ್ಮನಿಗಂತೂ ಮೊದಲೇ ಬೇಡ. ಅವನನ್ನ ನಾನೇ ಒಂದಿನ ದಂಗುಬಡಿಸ್ತೀನಿ. ನನ್ನಾಣೆ!"

ಅಕ್ಕ ನಕ್ಕು ಆಣೆ ಮಾಡಿದಳು. ಶನಿವಾರ ಬೆಳಿಗ್ಗೆ ತಮ್ಮ ತನ್ನ ರೆಕಾರ್ಡು ಹಿಡಿದು ಅಡುಗೆಮನೆಗೆ ಬಂದ. ಅವನದೂ ಅದೇ ಮಾತು, ಚೂರಿಯ ಹೆಸರು ಸೇರಿಸಿ. "ಅಪ್ಪನಾಣೆ ಹಾಕು," ಅಂದ. ಅಕ್ಕ ಆ ಆಣೆಯನ್ನೂ ಮಾಡಿದಳು. ಎರಡೂ ಲೇಬಲುಗಳು ಒಂದೇ ಬೇಸಿನ್ನಿನಲ್ಲಿ ನೆನೆದು ಎದ್ದು ತೇಲಿದವು. ಗೊತ್ತಾದ ದಿನ ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ ಎಂದು ಅವಳು ಅಂದುಕೊಂಡದ್ದು. ಅಲ್ಲೇ ಅವಳು ಎಡವಿದ್ದು.

ಆ ವ್ಯಾಯಾಮದ ರೆಕಾರ್ಡಿನಲ್ಲಿ ಒಬ್ಬ ಹೆಂಗಸು, "ಬಲಗಾಲು ಮೇಲೆ... ನಿಧಾನ... ಇಳಿಸಿ," ಎಂದು ಹೇಳುತ್ತ ಹೋಗುತ್ತಾಳೆ. ಹಿಂದೆ ಅಕಾರ್ಡಿಯನ್, ಡ್ರಮ್. ನಡುವೆ ಒಮ್ಮೆ, "ಈಗ ಎಲ್ಲರೂ ಸುಧಾರಿಸಿಕೊಳ್ಳಿ," ಅನ್ನುತ್ತಾಳೆ. ಆ ಬಿಡುವಿನಲ್ಲಿ, ಅಷ್ಟು ಹೊತ್ತು ಅಜ್ಜಿಯರ ಮೊಣಕಾಲಿಗೆ ತಾಳ ಹಾಕಿ ಬೇಸತ್ತ ಡ್ರಮ್ಮಿನವನು ಆರು ಸೆಕೆಂಡು ತನಗಾಗಿ ಬಾರಿಸಿಕೊಂಡಿದ್ದಾನೆ. ಅಕ್ಕನಿಗೂ ಗೊತ್ತಾಗುತ್ತಿತ್ತು, ಆ ಆರು ಸೆಕೆಂಡು ಕಿವಿಗೆ ಬಿದ್ದರೆ ದಾರಿಯಲ್ಲಿ ಹೋಗುವವರ ಕಾಲೂ ತಡೆಯುತ್ತದೆ.

ಮುಂದಿನ ವಾರದ ಕುಣಿತದಲ್ಲಿ ಚೂರಿ ಅದನ್ನು ಹಾಕಿದ. ಪಕ್ಕದಲ್ಲಿ ನಿಂತಿದ್ದ ತಮ್ಮನ ಮುಖ ಕಪ್ಪಿಟ್ಟಿತು. ತನ್ನ ಗುಟ್ಟು ಗೆಳೆಯನ ಕೈಯಲ್ಲಿ! ತಮ್ಮ ಚೀಲದಿಂದ ತನ್ನದನ್ನು ತೆಗೆದು ಹಾಕಿದ. ಈಗ ಮುಖ ಕಪ್ಪಿಡುವ ಸರದಿ ಚೂರಿಯದು. ಲೇಬಲ್ ಇದ್ದಿದ್ದರೆ ಒಂದು ನೋಟಕ್ಕೆ ಮುಗಿದುಹೋಗುತ್ತಿದ್ದ ಸಂಗತಿ. ಎರಡೂ ಬೋಳು ರೆಕಾರ್ಡು. ನೀನು ನನ್ನ ಕೋಣೆಗೆ ಬಂದು ಕದ್ದು ಟೇಪು ಮಾಡಿಕೊಂಡೆ, ನಕಲು ಒತ್ತಿಸಿಕೊಂಡೆ ಎಂದು ಇವನು. ನೀನೇ ಎಂದು ಅವನು. ಮರುದಿನ ತನ್ನ ಬಳಿ ಇರುತ್ತಿದ್ದ ಚೂರಿಯ ಮನೆಯ ಬೀಗದ ಕೈಯನ್ನು ತಮ್ಮ ಕಾಗದದಲ್ಲಿ ಸುತ್ತಿ ಅಕ್ಕನ ಕೈಲೇ ಕಳಿಸಿದ.

ಅಕ್ಕ ಹೇಳಲು ಹೊರಟಳು. "ಲೋ, ಆ ರೆಕಾರ್ಡು..."

"ಅದರ ಹೆಸರು ಈ ಮನೆಯಿಂದ ಹೊರಗೆ ಹೋದ ದಿನ ನಾನೂ ಹೊರಗೆ ಹೋಗ್ತೀನಿ. ಅಪ್ಪನಾಣೆ ಹಾಕಿದೀಯ, ನೆನಪಿರಲಿ."

ಅಷ್ಟರೊಳಗೆ ಹೇಳಲಾಗದಂತೆ ಇನ್ನೂ ಒಂದು ಗಂಟು ಬಿದ್ದಿತ್ತು. ಅಕ್ಕ ತಿಂಡಿಯ ಪಕ್ಕ ಇಟ್ಟುಕೊಟ್ಟದ್ದು ಎಂದರೆ ಸಂಘದಲ್ಲಿ ಯಾರು ಬೆಲೆ ಕೊಡುತ್ತಾರೆ? ರೈಲಿನಲ್ಲಿ ಎಂಟು ಗಂಟೆ ಹೋಗಿ, ನೀರು ನುಗ್ಗಿದ ನೆಲಮಾಳಿಗೆಯೊಂದರಲ್ಲಿ ಹುಡುಕಿ ತಂದೆ ಎಂದು ತಮ್ಮ ಹೇಳಿಬಿಟ್ಟಿದ್ದ. ವರ್ಷದಿಂದ ವರ್ಷಕ್ಕೆ ಆ ನೆಲಮಾಳಿಗೆಯ ನೀರು ಏರುತ್ತಿತ್ತು. ಮೊದಲು ಪಾದ, ಆಮೇಲೆ ಮೊಣಕಾಲು. ಈಚೆಗೆ ಕುತ್ತಿಗೆಗೆ ಬಂದಿತ್ತು. ಚೂರಿಯ ಕಥೆಯಲ್ಲಿ, ಸಾಯುತ್ತ ಸಾಯುತ್ತ ರೆಕಾರ್ಡನ್ನು ಅವನ ಕೈಗಿಟ್ಟ ಒಬ್ಬ ನಾವಿಕ ಇದ್ದ. ಅವನು ಹನ್ನೊಂದು ವರ್ಷದಿಂದ ಸಾಯುತ್ತಲೇ ಇದ್ದ.

ತಮ್ಮನಿಗೆ ಇನ್ನೊಬ್ಬ ಗೆಳೆಯ ಸಿಗಲಿಲ್ಲ. ಕೆಲಸದಿಂದ ಬಂದವನು ಅಡುಗೆಮನೆಯಲ್ಲಿ ನಿಂತುಕೊಂಡೇ ಉಂಡು ಕೋಣೆ ಸೇರುತ್ತಿದ್ದ. ತಮಾಷೆ ಮಾಡಿದರೆ ನಗುವುದನ್ನು ಮರೆತಿದ್ದ. ಚೂರಿ ಮಾತ್ರ ತನ್ನ ಲ್ಯಾಬಿನ ರಿಜಿಸ್ಟರುಗಳನ್ನು ಬೈಂಡಿಂಗಿಗೆ ಅಕ್ಕನಲ್ಲಿಗೇ ತರುತ್ತಿದ್ದ. ತಮ್ಮ ಕೆಲಸಕ್ಕೆ ಹೋದ ಹೊತ್ತು ನೋಡಿ ಬರುತ್ತಿದ್ದ, ಪ್ರೆಸ್ಸು ತಿರುಗಿಸಿಕೊಡುತ್ತಿದ್ದ, ಗುಡಿಸಿ ಹೋಗುತ್ತಿದ್ದ. ಬಾಗಿಲ ಬಳಿ ಪ್ರತಿ ಸಲವೂ, "ಅವನ ಮೊಣಕಾಲು ನೋವು ಹೇಗಿದೆ?" ಎಂದು ಕೇಳಿ, ಉತ್ತರಕ್ಕೆ ಕಾಯದವನಂತೆ ನಿಧಾನವಾಗಿ ಚಪ್ಪಲಿ ಮೆಟ್ಟುತ್ತಿದ್ದ. ಅಕ್ಕ ಇಬ್ಬರಿಗೂ ಆಣೆ ಹಾಕಿದ್ದಳು. ಇಬ್ಬರನ್ನೂ ತನ್ನ ಕೈಯಾರೆ ಬೇರೆ ಮಾಡಿದ್ದಳು.

ಈ ವರ್ಷ ಸಂಘ ಒಂದು ಸ್ಮರಣ ಸಂಚಿಕೆ ತರಲು ಹೊರಟಿತು. ಅದರಲ್ಲಿ "ಆರು ಸೆಕೆಂಡಿನ ಬ್ರೇಕ್ ಕಂಡುಹಿಡಿದವರು" ಎಂದು ಒಂದು ಪುಟ. ಅಲ್ಲಿ ಎರಡು ಹೆಸರು ಇರುವುದು ಸಾಧ್ಯವಿಲ್ಲ ಎಂದ ಕಪಾಟು. ಎರಡೂ ರೆಕಾರ್ಡುಗಳನ್ನು ಸಭೆಯಲ್ಲಿ ಪರೀಕ್ಷಿಸಿ ತೀರ್ಪು ಕೊಡುವುದು, ಸೋತವನನ್ನು ಕಳ್ಳನೆಂದು ಸಂಚಿಕೆಯಲ್ಲಿ ಹಾಕಿ ಸಂಘದಿಂದ ತೆಗೆಯುವುದು ಎಂದು ನಿಶ್ಚಯವಾಯಿತು. ಇಬ್ಬರೂ ಒಪ್ಪಿದರು. ಇಬ್ಬರಿಗೂ ತಾನೇ ಸಾಚಾ ಎಂಬ ಧೈರ್ಯ. ಪಾಪ, ಇಬ್ಬರೂ ಸಾಚಾನೇ.

ಯಾರು ಸೋತರೂ ಇನ್ನು ಈ ಜನ್ಮದಲ್ಲಿ ಇವರಿಬ್ಬರು ಒಂದಾಗುವುದಿಲ್ಲ ಎಂಬುದು ಅಕ್ಕನಿಗೆ ಸ್ಪಷ್ಟವಿತ್ತು. ಭಾನುವಾರ ಅವಳೂ ಹೊರಟಳು.

"ನೀನ್ಯಾಕೆ ಬರ್ತೀಯ? ಅಲ್ಲಿ ನಿನಗೇನು ಕೆಲಸ?" ಅಂದ ತಮ್ಮ.

"ಹನ್ನೊಂದು ವರ್ಷ ಕೇಳಿದೀನಲ್ಲ, ಆ ನೆಲಮಾಳಿಗೆ ಕಥೆ. ಈ ಸಲ ನೀರು ತಲೆ ಮೇಲೆ ಹೋಗುತ್ತಾ ನೋಡೋಣ ಅಂತ."

ಸಭೆ ಸಾರ್ವಜನಿಕ ಗ್ರಂಥಾಲಯದ ಮಹಡಿಯ ಮೇಲೆ. ಬೇರೆಲ್ಲೂ ಇವರಿಗೆ ಜಾಗ ಕೊಡುವವರಿರಲಿಲ್ಲ. ಕೆಳಗೆ ಓದುವವರಿದ್ದಾರೆಂದು ಸದ್ದು ಸಣ್ಣಗಿಡುವ ಷರತ್ತು ಬೇರೆ. ಲೋಕವನ್ನು ನಡುಗಿಸುವ ಸಂಗೀತವನ್ನು ಮೂವತ್ತು ಜನ ಬೋಳುತಲೆಯವರು ಮುಂದಕ್ಕೆ ಬಾಗಿ, ಕಿವಿಗೆ ಅಂಗೈ ಹಿಡಿದು ಕೇಳುತ್ತಿದ್ದರು. ಕುರ್ಚಿಗಳೆಲ್ಲ ಭರ್ತಿ. ಅಕ್ಕ ಗೋಡೆಗೆ ಒರಗಿ ನಿಂತಳು. ತಮ್ಮ ತನ್ನ ರೆಕಾರ್ಡಿನ ಮೇಲಿನ ಬಟ್ಟೆ ಸರಿಪಡಿಸುವುದರಲ್ಲಿದ್ದ, ನೋಡಲಿಲ್ಲ. ಚೂರಿ ಎದ್ದ. ತನ್ನ ಕುರ್ಚಿಯನ್ನು ಕಾಲಿನಿಂದ ಅವಳ ಕಡೆ ತಳ್ಳಿ, ತಾನು ಕಿಟಕಿಯ ಬಳಿ ಹೋಗಿ ನಿಂತ. ಅವತ್ತು ಅವನ ಮಾನ ತೂಗುವ ದಿನ.

ಕಪಾಟು ಎರಡೂ ರೆಕಾರ್ಡನ್ನು ಬೆಳಕಿಗೆ ಹಿಡಿದ, ಮೂಸಿದ, ತೂಗಿದ. ಒಂದೊಂದಾಗಿ ಹಾಕಿ ಕಂಪ್ಯೂಟರಿನ ಪರದೆಯ ಮೇಲೆ ಅಲೆಗಳನ್ನು ತೋರಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಗುಡುಗು ಅವರ ರೆಕಾರ್ಡಿನಲ್ಲಿ ಮೂರನೇ ಏಟಿಗೆ ಮುಂಚೆ ಒಂದು ಸಣ್ಣ ಸದ್ದಿದೆ, ಕೇಳಿಸಿಕೊಳ್ಳಿ. ಟಿಕ್. ಇದು ಆ ಮಹಾ ಡ್ರಮ್ಮರನ ಕೋಲು ಅಂಚಿಗೆ ತಾಗಿದ ಸದ್ದು. ಈ ಬ್ರೇಕಿನ ಆತ್ಮ ಇರೋದೇ ಇಲ್ಲಿ. ಚೂರಿ ಅವರ ರೆಕಾರ್ಡಿನಲ್ಲಿ ಇದು ಇಲ್ಲ. ನಕಲು ಮಾಡಿದವರು ಇದನ್ನ ಕೊಳೆ ಅಂತ ತಿಳಿದು ತೊಳೆದುಹಾಕಿದ್ದಾರೆ. ಎಂಥ ಕಿವಿ ನೋಡಿ!"

ಸಭೆ "ಆಹಾ" ಅಂದಿತು. ಒಬ್ಬರು ಆ ಟಿಕ್ಕನ್ನು ಮತ್ತೊಮ್ಮೆ ಕೇಳಿಸಲು ಬೇಡಿಕೊಂಡರು. ಇನ್ನೊಬ್ಬರು, ತಮಗೆ ಆ ಟಿಕ್ಕಿನಲ್ಲಿ ಜಂಗಲ್ ಶೈಲಿಯ ಬೀಜವೇ ಕಾಣುತ್ತಿದೆ ಅಂದರು. ತಮ್ಮ ಎದೆ ಸೆಟೆಸಿ ನಿಂತಿದ್ದ. ಆದರೆ ಅವನ ಕಣ್ಣು ಕಿಟಕಿಯ ಕಡೆ ಹೋಗಿ ತಟ್ಟನೆ ಹಿಂದೆ ಬಂತು. ಅಲ್ಲಿ ಚೂರಿ ಬಿಳಿಚಿಕೊಂಡು ನಿಂತಿದ್ದ. ಕಪಾಟು ತೀರ್ಪಿನ ಕಾಗದವನ್ನು ಅವನ ಮುಂದೆ ಹಿಡಿದು, "ಇಲ್ಲಿ ಒಂದು ಸಹಿ ಹಾಕಿ," ಅಂದ.

ಅಕ್ಕ ಎದ್ದಳು.

"ಆ ಟಿಕ್ ನನ್ನದು," ಅಂದಳು.

"ಏನಮ್ಮಾ?"

"ನನ್ನ ಚಾಕು ಜಾರಿದ್ದು. ಕಟ್ಟಿನ ಹುರಿ ಕತ್ತರಿಸುವಾಗ ಮೇಲಿದ್ದ ರೆಕಾರ್ಡಿಗೆ ಸೂಜಿಮೊನೆಯಷ್ಟು ಗೀರು ಬಿತ್ತು. ಚೆನ್ನಾಗಿದ್ದದ್ದನ್ನ ಚೂರಿಗೆ ಕೊಟ್ಟೆ. ಗೀರು ಬಿದ್ದದ್ದನ್ನ ನಮ್ಮವನೇ ತಾನೇ ಅಂತ ಇವನಿಗೆ ಕೊಟ್ಟೆ."

"ಅಕ್ಕ, ನೀನು ಕೂತ್ಕೋ," ಎಂದು ತಮ್ಮ ಹಲ್ಲು ಕಚ್ಚಿ ಹೇಳಿದ.

"ಹನ್ನೊಂದು ವರ್ಷ ಕೂತಿದ್ದಾಯ್ತು." ಅವಳು ಮೇಜಿನ ಬಳಿ ಹೋಗಿ ಕನ್ನಡಕ ಏರಿಸಿ, ಒಂದು ರೆಕಾರ್ಡನ್ನು ಬೆಳಕಿಗೆ ಓರೆ ಮಾಡಿ ಹಿಡಿದಳು. "ಇಲ್ಲಿ ಕೊನೆ ಗೆರೆ ಆದಮೇಲೆ ನಂಬರ್ ಕೊರೆದಿದೆ, ಓದಿಕೊಳ್ಳಿ. ಈಗ ಇದರದ್ದೂ ಓದಿ. ಒಂದೇನಾ? ಒಂದೇ ಅಚ್ಚಿನ ಎರಡು ಪ್ರತಿ. ವೃದ್ಧಾಶ್ರಮದಿಂದ ಬೈಂಡಿಂಗಿಗೆ ಬಂದ ಕಟ್ಟಿಗೆ ರಟ್ಟಿನ ಥರ ಕಟ್ಟಿದ್ರು. ಹೆಸರು 'ಕುರ್ಚಿ ಬಿಡದೆ ವ್ಯಾಯಾಮ.' ಯಾರೂ ಯಾರದ್ದೂ ಕದ್ದಿಲ್ಲ. ಇಬ್ಬರೂ ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡರು. ಆ ಎರಡೂ ಆಣೆ ಈಗ ಮುರಿದೆ."

ಕಪಾಟು ರೆಕಾರ್ಡು ಕಸಿದುಕೊಂಡು ಕಣ್ಣಿಗೆ ಅಂಟಿಸಿದ. ಅಲ್ಲಿ ಸಂಖ್ಯೆಯಿತ್ತು. ವರ್ಷಗಟ್ಟಲೆ ತಾವೂ ಹೀಗೇ ಲೇಬಲ್ ಕಿತ್ತು ಗುಟ್ಟು ಕಾಪಾಡಿದ್ದ ಮೂವತ್ತು ಜನರಲ್ಲಿ ಒಬ್ಬೊಬ್ಬರ ಮುಖವೂ ನಿಧಾನವಾಗಿ ಇಳಿಯತೊಡಗಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಕಪಾಟುಗಳನ್ನು ನೆನೆಯುತ್ತಿದ್ದದ್ದು ನೋಡಿದರೆ ಗೊತ್ತಾಗುತ್ತಿತ್ತು.

"ನೆಲಮಾಳಿಗೆ?" ಎಂದು ಯಾರೋ ಕೇಳಿದರು.

"ನಮ್ಮ ಅಡುಗೆಮನೆ," ಅಂದಳು ಅಕ್ಕ. "ನೀರು ಇದ್ದದ್ದು ಬೇಸಿನ್ನಿನಲ್ಲಿ."

"ಮತ್ತೆ ನಾವಿಕ?"

ಚೂರಿ ಕಿಟಕಿಯ ಹೊರಗೆ ನೋಡತೊಡಗಿದ.

"ಡ್ರಮ್ಮರ್ ಯಾರು? ಅವರ ಹೆಸರಾದರೂ ಹೇಳಿ!" ಕಪಾಟಿನ ದನಿಯಲ್ಲಿ ದೈನ್ಯವಿತ್ತು.

"ವ್ಯಾಯಾಮ ಹೇಳಿಕೊಡೋ ಮೇಡಂ ಹೆಸರಿತ್ತು, ಕಂಪನಿ ಹೆಸರಿತ್ತು. ಬಾರಿಸಿದವನ ಹೆಸರು ಲೇಬಲಿನಲ್ಲಿ ಇರಲೇ ಇಲ್ಲ. ಅದನ್ನ ಮುಚ್ಚಿಡೋಕೆ ನೀವು ಇಷ್ಟು ಕಷ್ಟಪಡಬೇಕಾಗೇ ಇರ್ಲಿಲ್ಲ."

ಹಿಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕನೆ ನಕ್ಕ. ನಗು ಹರಡುವುದರಲ್ಲಿತ್ತು. ಆದರೆ ಕಪಾಟು ಅಂಥ ಹೊತ್ತಿನಲ್ಲಿ ಕೈಕಟ್ಟಿ ಕೂರುವ ಅಧ್ಯಕ್ಷನಲ್ಲ. ಎರಡು ಕ್ಷಣ ಕಣ್ಣು ಮುಚ್ಚಿ, ಬಿಟ್ಟು, ಎದ್ದು ನಿಂತು ಚಪ್ಪಾಳೆ ತಟ್ಟಿದ. "ಗೆಳೆಯರೇ, ಇದು ನಲವತ್ತೆರಡನೇ ಶೈಲಿ! ಕುಳಿತ ಬ್ರೇಕ್!" ಎಂದು ಘೋಷಿಸಿದ. ಸಭೆಗೆ ಹೋದ ಜೀವ ಬಂದಂತಾಯಿತು. ಕುಳಿತ ಬ್ರೇಕಿನ ವೇಗ ಎಷ್ಟಿರಬೇಕು ಎಂಬ ಬಗ್ಗೆ ಆಗಲೇ ಎರಡು ಪಂಗಡವಾಗಿ ಜಗಳ ಶುರುವಾಯಿತು. ಗ್ರಂಥಪಾಲಕರು ಮೆಟ್ಟಿಲೇರಿ ಬಂದು, ಸಂಗೀತದ್ದಲ್ಲ, ಮಾತಿನ ಸದ್ದು ಕಡಿಮೆ ಮಾಡಿ ಎಂದು ಕೇಳಿಕೊಂಡರು.

ಗುಡುಗೂ ಚೂರಿಯೂ ಬೇರೆ ಬೇರೆ ಬಾಗಿಲಿನಿಂದ ಹೊರಗೆ ಹೋಗಿದ್ದರು.

ತಮ್ಮ ಸೋಮವಾರ ರಜೆ ಹಾಕಿದ. ಬೆಳಿಗ್ಗೆ ಎಂಟಕ್ಕೆ ಒಂದು ಚೀಲಕ್ಕೆ ಎರಡು ಅಂಗಿ, ಮೊಣಕಾಲಿನ ಮುಲಾಮು ತುಂಬಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತ. ಅಕ್ಕ ಹೊಲಿಗೆಯ ಚೌಕಟ್ಟಿನ ಮುಂದೆ ಕೂತಿದ್ದಳು. ಕಾಲೇಜಿನ ಒಂಬತ್ತು ಪ್ರಬಂಧಗಳು ಸಂಜೆಗೆ ಬೇಕಿದ್ದವು. ಅವಳ ದಾರ ಸೂಜಿಯ ಕಣ್ಣಿಗೆ ಹೋಗಲೊಲ್ಲದು.

"ಹೇಳಿದ್ದೆ ನಾನು, ಹೊರಗೆ ಹೋಗ್ತೀನಿ ಅಂತ."

"ಹೇಳಿದ್ದೆ."

"ಮೂವತ್ತು ಜನರ ಮುಂದೆ ನನ್ನ ಮರ್ಯಾದೆ ತೆಗೆದೆ."

"ಇನ್ನೊಬ್ಬನದು ಹೋಗ್ತಿತ್ತಲ್ಲೋ. ಅವನು ಮಾಡದೇ ಇದ್ದದ್ದಕ್ಕೆ."

"ಹನ್ನೊಂದು ವರ್ಷ, ಅಕ್ಕ! ಒಂದು ಮಾತು ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?"

ನೀನೇ ಬೇಡ ಅಂದೆ ಎನ್ನಬಹುದಿತ್ತು. ಅದು ಅರ್ಧ ಸತ್ಯ. ಇವನು ಮನೆ ಬಿಟ್ಟುಹೋದರೆ ಎಂಬ ಹೆದರಿಕೆ ಉಳಿದರ್ಧ. ಆ ಹೆದರಿಕೆಯನ್ನು ಮುಚ್ಚಟೆಯಾಗಿ ಕಾಪಾಡಿಕೊಳ್ಳಲು ಅವಳು ಇವನ ಗೆಳೆತನವನ್ನೇ ಬಿಟ್ಟುಕೊಟ್ಟಿದ್ದಳು. "ತಪ್ಪಾಯ್ತು ಕಣೋ," ಅಂದಳು.

ಆ ಹೊತ್ತಿಗೇ ಚೂರಿ ಬಂದ. ಬಗಲಲ್ಲಿ ತನ್ನ ರೆಕಾರ್ಡು, ಮುಖ ಕೆಂಡ. ತಮ್ಮ ಮನೆಯಲ್ಲಿರುವ ಹೊತ್ತಿನಲ್ಲಿ ಅವನು ಆ ಹೊಸ್ತಿಲು ತುಳಿದು ಹನ್ನೊಂದು ವರ್ಷವಾಗಿತ್ತು. ತಮ್ಮನ ಕಡೆ ನೋಡಲೂ ಇಲ್ಲ, ನೇರ ಅಕ್ಕನ ಮುಂದೆ ನಿಂತ.

"ಅಲ್ಲ ಅಕ್ಕಾ, ನನಗೊಬ್ಬನಿಗೇ ಅಂತ ಕೊಟ್ಟಿದ್ರಿ ಅಂದ್ಕೊಂಡಿದ್ದೆ ನಾನು. ಇವನಿಗೂ ಅದನ್ನೇ ಕೊಟ್ರಾ?"

"ಅದನ್ನೇ ನಾನೂ ಕೇಳ್ತಿರೋದು," ಅಂದ ತಮ್ಮ. "ನನಗೆ ಅಂತ ಇಟ್ಟದ್ದು ಅಂದ್ಕೊಂಡೆ. ನೋಡಿದ್ರೆ ಗೀರು ಬಿದ್ದದ್ದು ನನಗೆ, ಚೆನ್ನಾಗಿರೋದು ಇವನಿಗೆ!"

"ಗೀರಿಗೇ ಮೊದಲ ಬಹುಮಾನ ಕೊಟ್ರಲ್ಲೋ ನಿನಗೆ."

"ಸತ್ತನೇನೋ ನಿನ್ನ ನಾವಿಕ?"

"ನಿನ್ನ ನೆಲಮಾಳಿಗೇಲಿ ಮುಳುಗಿ ಸತ್ತ."

ಇಬ್ಬರೂ ಒಮ್ಮೆಗೇ ಬಾಯಿ ಮುಚ್ಚಿದರು. ನಗು ಬಂದದ್ದಕ್ಕೆ ಇಬ್ಬರಿಗೂ ಇನ್ನಷ್ಟು ಸಿಟ್ಟು. ಆ ಸಿಟ್ಟನ್ನೆಲ್ಲ ಒಟ್ಟುಗೂಡಿಸಿ ಅಕ್ಕನ ಮೇಲೆ ಸುರಿದರು. ಅವಳು ಮಾಡಿದ್ದು ಸರಿಯಲ್ಲ, ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಹನ್ನೊಂದು ವರ್ಷ ನಿಲ್ಲಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ ಎತ್ತಿಕೊಂಡು, ಒಬ್ಬನ ಮಾತಿಗೆ ಇನ್ನೊಬ್ಬ ತಲೆದೂಗುತ್ತ, ಕಾಲು ಗಂಟೆ ಬೈದರು. ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು. ಎದೆಗೆ ನಾಟುತ್ತಿತ್ತು, ಸುಳ್ಳಲ್ಲ. ಆದರೂ ಆ ಎರಡು ದನಿಗಳು ಒಂದೇ ಕೋಣೆಯಲ್ಲಿ ಕೇಳಿದ್ದೇ ಕೇಳಿದ್ದು, ಅವಳಿಗೆ ಸೂಜಿಯ ಕಣ್ಣು ಕಾಣಿಸಿತು. ದಾರ ಪೋಣಿಸಿಕೊಂಡಳು.

ಬೈಗಳು ತೀರಿದ ಮೇಲೆ ಚೂರಿ ಎತ್ತಲೋ ನೋಡುತ್ತ, "ನಿನ್ನದು ಎಲ್ಲಿದೆ?" ಅಂದ.

"ಒಳಗಿದೆ. ಯಾಕೆ?"

"ಎರಡು ಪ್ರತಿ ಇದೆಯಲ್ಲೋ, ಪೆದ್ದ."

ತಮ್ಮ ಬಾಯಿ ತೆರೆದು ನಿಂತ. ಯಂತ್ರದ ಹಂಗಿಲ್ಲದೆ ಬರಿಗೈಯಲ್ಲಿ ಒಂದು ಬ್ರೇಕನ್ನು ಬೆಳೆಸಬೇಕಾದರೆ ಒಂದೇ ರೆಕಾರ್ಡಿನ ಎರಡು ಪ್ರತಿ ಬೇಕು. ಒಂದರಲ್ಲಿ ಆರು ಸೆಕೆಂಡು ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಶುರುಮಾಡಿ, ಮೊದಲನೆಯದನ್ನು ಬೆರಳಿಂದ ಹಿಂದಕ್ಕೆ ತಿರುಗಿಸಿಟ್ಟುಕೊಂಡು, ಇದು ಮುಗಿದೊಡನೆ ಅದಕ್ಕೆ ಹೋಗಬೇಕು. ಈ ವಿದ್ಯೆಯ ಅಆಇಈ ಅದು. ಒಂದೊಂದು ಪ್ರತಿ ಬಚ್ಚಿಟ್ಟುಕೊಂಡು ಹನ್ನೊಂದು ವರ್ಷ ಕೂತವರಿಗೆ ಅಷ್ಟೂ ಹೊಳೆದಿರಲಿಲ್ಲ.

ಚೀಲ ಅಂಗಡಿಯ ಬಾಗಿಲಲ್ಲೇ ಉಳಿಯಿತು. ಇಬ್ಬರೂ ಒಳಗೆ ಹೋಗಿ, ಅಕ್ಕನ ಮುಖಕ್ಕೆ ಹೊಡೆದಂತೆ ಬಾಗಿಲು ಹಾಕಿಕೊಂಡರು.

ಅಕ್ಕ ಹೊಲಿಯುತ್ತ ಕೂತಳು. ಗೋಡೆಯಾಚೆಯಿಂದ ಆ ಹೆಂಗಸಿನ ದನಿ ಬಂತು. ಈಗ ಎಲ್ಲರೂ ಸುಧಾರಿಸಿಕೊಳ್ಳಿ. ಹಿಂದೆಯೇ ಆರು ಸೆಕೆಂಡು. ಕೈತಪ್ಪಿ ನಿಂತಿತು. "ಬೇಗ ತಿರುಗಿಸೋ, ನಿದ್ದೆ ಮಾಡ್ತೀಯಾ!" ಮತ್ತೆ ಆರು ಸೆಕೆಂಡು, ಅದರ ಬಾಲ ಹಿಡಿದು ಇನ್ನಾರು, ಟಿಕ್ ಇರುವುದೊಂದು, ಇಲ್ಲದ್ದೊಂದು, ಆಮೇಲೆ ನಿಲ್ಲಲೇ ಇಲ್ಲ. ಗೋಡೆಗೆ ತೂಗುಹಾಕಿದ್ದ ಕತ್ತರಿಗಳು ಅಲುಗಾಡಿದವು. ಅಕ್ಕನ ಎಡಗಾಲು ಮೇಜಿನಡಿಯಲ್ಲಿ ತನ್ನ ಪಾಡಿಗೆ ಏನೋ ಮಾಡುತ್ತಿತ್ತು. ಅವಳು ಗದರಿಸಲು ಹೋಗಲಿಲ್ಲ. ನಾಲ್ಕನೆಯ ಪ್ರಬಂಧ, ಐದನೆಯದು, ಆರನೆಯದು. ಊಟದ ಹೊತ್ತು ಮೀರಿದ್ದು ಅವಳ ಗಮನಕ್ಕೆ ಬರಲಿಲ್ಲ.

ಎರಡೂವರೆಯ ಸುಮಾರಿಗೆ ಒಳಗೆ ತಾಳ ನಿಂತಿತು. ಪಾತ್ರೆಗಳ ಸದ್ದಾಯಿತು. ಏನೋ ಸೀದಿತು, ಪಿಸುಮಾತಿನಲ್ಲಿ ಅದರ ಬಗ್ಗೆಯೂ ಒಂದು ಜಗಳವಾಯಿತು.

ಬಾಗಿಲು ತೆರೆದು ತಮ್ಮ ಬಂದ. ಮುಖ ಇನ್ನೂ ಗಂಟು ಹಾಕಿಕೊಂಡೇ ಇತ್ತು. ಒಂದು ಕೈಯಿಂದ ಪ್ರಬಂಧದ ಹಾಳೆಗಳನ್ನು ಜೋಪಾನವಾಗಿ ಮೇಜಿನ ಆ ಕೊನೆಗೆ ಸರಿಸಿದ. ಅನ್ನ, ಬೇಯಿಸಿದ ಆಲೂಗಡ್ಡೆ, ಅಂಚು ಕರಿಕಾದ ಮೊಟ್ಟೆ ಇದ್ದ ತಟ್ಟೆಯನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದ.